ಎಕರೆಗೊಂದು ಗ್ರಾಫಿಕ್ಸ್ ಕಾರ್ಡ್

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿ ಭಾಗದಲ್ಲಿ ಯಾವುದೇ ವಸ್ತುವಿನ ಅಭಾವ ಉಂಟಾದಲ್ಲಿ, ಸದರಿ ಅಭಾವವನ್ನು ಸರ್ವರಿಗೂ ಹಂಚತಕ್ಕದ್ದು ಎಂಬ ಘನ ಉದ್ದೇಶದಿಂದ ಪಂಚಪುರ ಅಭಾವ ನಿರ್ವಹಣಾ ಕೋಶವು ಸ್ಥಾಪನೆಯಾಗಿರುತ್ತದೆ. ಕೋಶದ ಕಚೇರಿ ವಾಡಿಯಲ್ಲಿದೆ. ನಾನು ಅದರ ಪ್ರಕಟಣಾ ಸಹಾಯಕ. ಕೋಶದ ಪ್ರಕಟಣೆಗಳನ್ನು ಬರೆಯುವುದು ಮತ್ತು ಬರೆದದ್ದನ್ನು ನಂಬುವುದು, ಇವೆರಡೂ ನನ್ನ ಗುತ್ತಿಗೆ ಕರಾರಿನಲ್ಲಿವೆ.

ಕೋಶ ಹುಟ್ಟಿದ್ದು ಗೊಬ್ಬರದ ಸಲುವಾಗಿ. ಮುಂಗಾರಿನಲ್ಲಿ ರೈತರು ಅಂಗಡಿಯ ಮುಂದೆ ತಮ್ಮ ಚಪ್ಪಲಿಗಳನ್ನು ಪಾಳಿಗೆ ಹಚ್ಚಿ ಗಿಡದ ನೆರಳಿಗೆ ಕೂತಿದ್ದಾಗ, ಅವರಿಗೆ ಪಹಣಿ ತನ್ನಿ, ಆಧಾರ್ ತನ್ನಿ, ಹೆಬ್ಬೆಟ್ಟು ಒತ್ತಿ, ನಾಳೆ ಬನ್ನಿ ಎಂದು ಹೇಳಲು ಒಂದು ಸಂಸ್ಥೆ ಬೇಕಾಗಿತ್ತು. ಕೋಶ ಈ ಕೆಲಸವನ್ನು ಎಷ್ಟು ದಕ್ಷತೆಯಿಂದ ಮಾಡಿತೆಂದರೆ, ಗೊಬ್ಬರ ರೈತನ ಕೈ ಸೇರುವ ಹೊತ್ತಿಗೆ ತೊಗರಿ ಅದಿಲ್ಲದೆಯೇ ಬೆಳೆಯುವುದನ್ನು ಕಲಿತಿತ್ತು. ಗೊಬ್ಬರ ಗೋದಾಮಿನಲ್ಲಿ ಉಳಿಯಿತು. ಉಳಿದದ್ದರಿಂದ ಅಭಾವ ತೀರಿತು. ಅಭಾವ ತೀರಿದ್ದರಿಂದ ಕೋಶವನ್ನು ಯಾಕೆ ಮುಚ್ಚಬಾರದು ಎಂದು ಮೇಲಿನಿಂದ ಪತ್ರ ಬಂತು.

ವಿಶೇಷಾಧಿಕಾರಿ ಸಿದ್ದಲಿಂಗೇಶ ಸಾಹೇಬರು ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ. "ಇಷ್ಟು ದೊಡ್ಡ ದೇಶದಾಗ ನಮಗ ಒಂದರೆ ಅಭಾವ ಸಿಗಲ್ಲೇನ್ರಿ? ಹುಡುಕ್ರಿ" ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಕೂಡಲೇ, ತಮ್ಮ ಭಾಗದಲ್ಲಿ ಏನಾದರೂ ಸಿಗದೆ ಇದ್ದಲ್ಲಿ ನಿಸ್ಸಂಕೋಚವಾಗಿ ಕೋಶಕ್ಕೆ ತಿಳಿಸಬೇಕೆಂದು ಸಾರ್ವಜನಿಕರನ್ನು ಕೋರಿ ಪ್ರಕಟಣೆ ಹೊರಡಿಸಿದೆ.

ಅದನ್ನು ನಂಬಿ ಬಂದವಳು ಒಬ್ಬಳೇ. ಶಹಾಬಾದದ ಪೂನಮ್.

ಪೂನಮ್‌ಳ ತಾಯಿ ಅನಸುಬಾಯಿ ಅಲ್ಲಿಯ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಪೂನಮ್ ಡಿಗ್ರಿ ಮುಗಿಸಿ, ಹಗಲೆಲ್ಲ ಒಂದು ಆನ್‌ಲೈನ್ ಸೆಂಟರ್‌ನಲ್ಲಿ ಬೇರೆಯವರ ಅರ್ಜಿ ತುಂಬಿ, ಸಂಜೆ ಮನೆಗೆ ಬಂದು ಕಂಪ್ಯೂಟರಿನಲ್ಲಿ ಕಾರ್ ರೇಸ್ ಆಡುತ್ತಾಳೆ. ಚೆನ್ನಾಗಿ ಆಡುತ್ತಾಳೆ. ರಾಜ್ಯಮಟ್ಟದ ಒಂದು ಆನ್‌ಲೈನ್ ಸ್ಪರ್ಧೆಯಲ್ಲಿ ಫೈನಲ್‌ಗೆ ಬಂದಿದ್ದಳು. ಫೈನಲ್ ಇದ್ದದ್ದು ದೀಪಾವಳಿ ಮುಗಿದ ಭಾನುವಾರ. ಆದರೆ ಆಟದ ಚಿತ್ರವನ್ನು ಪರದೆಯ ಮೇಲೆ ಓಡಿಸುವ ಗ್ರಾಫಿಕ್ಸ್ ಕಾರ್ಡ್ ಎಂಬ ಭಾಗ ಅವಳ ಕಂಪ್ಯೂಟರಿನಲ್ಲಿ ಮುದಿಯಾಗಿತ್ತು. ಅದರ ಫ್ಯಾನ್ ನಿಂತುಹೋಗಿದ್ದರಿಂದ, ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟುಕೊಂಡು ಸೆಮಿಫೈನಲ್ ಗೆದ್ದಿದ್ದಳು. ಮೊದಲ ಬಹುಮಾನವೂ ಹಣವಲ್ಲ, ಹೊಸ ಮಾದರಿಯ ಒಂದು ಗ್ರಾಫಿಕ್ಸ್ ಕಾರ್ಡ್. ಕಾರ್ಡ್ ಗೆಲ್ಲಬೇಕಾದರೆ ಮೊದಲು ಕಾರ್ಡ್ ಬೇಕಾಗಿತ್ತು.

"ಎಲ್ಲೂ ಸಿಗವಲ್ದು ಸರ್" ಎಂದಳು ಪೂನಮ್. "ಎಐ ಕಂಪನಿಯವರು ಇದ್ದಬದ್ದದ್ದೆಲ್ಲ ಬಳಕೊಂಡು ಹೋಗ್ಲಿಕತ್ತಾರಂತ."

"ಸಿಗವಲ್ದು ಅಂದ್ರ, ಪೂರಾ ಸಿಗವಲ್ದೇನವ್ವ?" ಸಾಹೇಬರು ಕುರ್ಚಿಯ ತುದಿಗೆ ಬಂದರು. "ಕುಂದ್ರು, ಕುಂದ್ರು. ಚಾ ತರಿಸಲೇನು?"

"ನಮ್ಮೂರಾಗ ಕಂಪ್ಯೂಟರ್ ರಿಪೇರಿ ಮಾಡೋ ಜಿಲಾನಿ ಭಾಯಿ ಹೆಂಗರೆ ಮಾಡಿ ಹೈದರಾಬಾದಿಂದ ಒಂದು ತರಿಸ್ಲಿಕತ್ತಾರ. ಮುಂಗಡ ಕೊಟ್ಟೀನಿ. ರೇಟ್ ಮಾತ್ರ ಭಾಳ ಆಗ್ಯಾದ. ನೀವು ಒಂದು ಮಾತು ಹೇಳಿದ್ರ ಕಡಿಮಿ ಆಗ್ತದೇನೋ ಅಂತ ಬಂದೆ."

"ಇನ್ನ ಮ್ಯಾಲ ಯಾರೂ ಹೆಂಗರೆ ಮಾಡಿ ತರಿಸಂಗಿಲ್ಲ. ನೀ ಅರಾಮ ಮನಿಗಿ ಹೋಗು. ನಾವಿದ್ದೀವಿ" ಎಂದರು ಸಾಹೇಬರು. ಅವಳು ಹೋದ ಮೇಲೆ ಊಟದ ಡಬ್ಬಿ ಬಿಚ್ಚಿದರು.

ಮರುದಿನವೇ ನಾನು ಬರೆದೆ:

"ಪಂಚಪುರ ವ್ಯಾಪ್ತಿಯಲ್ಲಿ ಗ್ರಾಫಿಕ್ಸ್ ಕಾರ್ಡಿನ ತೀವ್ರ ಅಭಾವ ತಲೆದೋರಿದೆ ಎಂದು ತಿಳಿಸಲು ಕೋಶವು ಹರ್ಷಿಸುತ್ತದೆ. ಇಂದಿನಿಂದ ಸದರಿ ಕಾರ್ಡಿನ ಖಾಸಗಿ ಮಾರಾಟ ಹಾಗೂ ಸಾಗಾಟವನ್ನು ನಿಷೇಧಿಸಲಾಗಿದೆ. ಈ ಭಾಗದೊಳಕ್ಕೆ ಬರುವ ಪ್ರತಿಯೊಂದು ಕಾರ್ಡೂ ಕೋಶದ ಗೋದಾಮಿನ ಮೂಲಕವೇ ಬರತಕ್ಕದ್ದು. ಸಾರ್ವಜನಿಕರು ಗಾಬರಿಪಡದೆ ಪಾಳಿ ಹಚ್ಚತಕ್ಕದ್ದು."

ಅದೇ ಸಂಜೆ ವಾಡಿ ಸ್ಟೇಷನ್ನಿನಲ್ಲಿ ಜಿಲಾನಿಯ ಪಾರ್ಸಲ್ ಇಳಿಯಿತು. ಕೋಶ ಅದನ್ನು ಹಿಡಿದು ಮೊದಲ ದಾಸ್ತಾನು ಎಂದು ಜಮಾ ಮಾಡಿಕೊಂಡಿತು. ಹೀಗೆ ಪೂನಮ್‌ಗೆ ಬರಬೇಕಾಗಿದ್ದ ಕಾರ್ಡ್ ಪೂನಮ್‌ಳ ಹಿತಕ್ಕಾಗಿಯೇ ಸರಕಾರದ ವಶವಾಯಿತು. ಅಭಾವ ಘೋಷಣೆಯಾದ ಮೇಲೆ ಮೇಲಿನವರೂ ಸುಮ್ಮನಿರಲಾಗದೆ ಒಂದು ಲಾರಿ ಕಾರ್ಡು ಕಳಿಸಿದರು. ಈಗ ಹಂಚುವ ನಿಯಮ ಬೇಕು. ಸಾಹೇಬರಿಗೆ ಗೊತ್ತಿದ್ದದ್ದು ಒಂದೇ ನಿಯಮಾವಳಿ. ಅದರಲ್ಲಿ "ಗೊಬ್ಬರ" ಎಂದಿದ್ದ ಕಡೆಯೆಲ್ಲ "ಗ್ರಾಫಿಕ್ಸ್ ಕಾರ್ಡ್" ಎಂದು ತಿದ್ದಲು ನನಗೆ ಹೇಳಿದರು. ತಿದ್ದಿದೆ. "ಗ್ರಾಫಿಕ್ಸ್ ಕಾರ್ಡನ್ನು ಹದ ಮಳೆಯಾದ ನಂತರ ಸಾಲಿನಲ್ಲಿ ಬುಡಕ್ಕೆ ಹಾಕತಕ್ಕದ್ದು" ಎಂಬ ಒಂದು ವಾಕ್ಯದ ಬಗ್ಗೆ ನನಗೆ ಸ್ವಲ್ಪ ಅನುಮಾನವಿತ್ತು. ಆದರೆ ಅಷ್ಟರಲ್ಲಿ ಸಾಹೇಬರ ಸಹಿ, ಸಿಕ್ಕೆ ಎರಡೂ ಬಿದ್ದಿದ್ದವು.

ಮುಖ್ಯ ನಿಯಮ ಸರಳವಾಗಿತ್ತು: ಪಹಣಿ ತಂದವರಿಗೆ ಎಕರೆಗೊಂದರಂತೆ ಕಾರ್ಡ್. ವಿತರಣೆ ಸೇಡಂನ ಗೊಬ್ಬರದ ವ್ಯಾಪಾರಿ ಅಶೋಕಕುಮಾರರ ಅಂಗಡಿಯಲ್ಲಿ. ಅವರು ವಿತರಣೆಯಲ್ಲಿ ಅನುಭವಸ್ಥರು. ಗೊಬ್ಬರ ಕೇಳಿದವರಿಗೆ, ಜೊತೆಗೆ ಒಂದು ಚೀಲ ಜಿಂಕ್ ತೊಗೊಂಡರೆ ಮಾತ್ರ ಎನ್ನುವ 'ಲಿಂಕ್' ಪದ್ಧತಿಯನ್ನು ಕಾರ್ಡಿಗೂ ಪ್ರಾಮಾಣಿಕವಾಗಿ ಜಾರಿಗೆ ತಂದರು. ನ್ಯಾಯ ಎಲ್ಲರಿಗೂ ಒಂದೇ ಇರಬೇಕೆಂದು, ಬರೀ ಜಿಂಕ್ ಕೇಳಲು ಬಂದವರಿಗೆ ಒಂದು ಕೀಬೋರ್ಡ್ ಹಚ್ಚಿದರು. ಕುರಕುಂಟಾದ ರೈತರೊಬ್ಬರು ಇದನ್ನು ಯಾವ ಬೆಳೆಗೆ ಹಾಕಬೇಕೆಂದು ಕೇಳಿದಾಗ, ಎಲ್ಲಾ ಬೆಳೆಗೂ ನಡೀತದ ಎಂದರು.

ಪೂನಮ್ ತಾಯಿಯೊಂದಿಗೆ ಸೇಡಂಗೆ ಬಂದು, ಚಪ್ಪಲಿ ಪಾಳಿಗೆ ಹಚ್ಚಿ, ಸಂಜೆಯ ಹೊತ್ತಿಗೆ ಕಿಟಕಿ ಮುಟ್ಟಿದಳು.

"ಪಹಣಿ?" ಎಂದರು ಅಶೋಕಕುಮಾರ.

"ನಮಗ ಹೊಲ ಇಲ್ರಿ."

"ಹೊಲ ಇಲ್ದೆ ಗ್ರಾಫಿಕ್ಸ್ ಕಾರ್ಡ್ ಎಲ್ಲಿ ಹಚ್ಚಾಕಿ ನೀ?"

"ಕಂಪ್ಯೂಟರಿಗಿ ಹಚ್ತೀನ್ರಿ."

"ಹಂಗ ಅಂತ ಎಲ್ಲಾರೂ ಅಂತಾರ. ಮುಂದ ನಡೀರಿ, ಹಿಂದಿನವರು ಬರ್ರಿ."

ಅನಸುಬಾಯಿ ಮಗಳನ್ನು ಕರೆದುಕೊಂಡು ನೇರ ಕೋಶಕ್ಕೆ ಬಂದಳು. ದನಿ ಕಚೇರಿಯ ಹೊರಗಿನವರೆಗೂ ಕೇಳುತ್ತಿತ್ತು. "ನನ್ನ ಪೋರಿದು ಕಾರ್ಡ್ ನೀವು ಕಸಕೊಂಡ್ರಿ. ಈಗ ಹೊಲ ತೋರ್ಸು ಅಂತೀರಿ. ನಮ್ಮಪ್ಪಗ ಹೊಲ ಇಲ್ಲ, ಅವರಪ್ಪಗ ಹೊಲ ಇದ್ದಿಲ್ಲ. ಹೊಲ ಇಲ್ದವರು ಆಟ ಆಡಬಾರ್ದೇನ್ರಿ?"

"ಆಡ್ರಿ, ಯಾರು ಬ್ಯಾಡಂದಾರ?" ಎಂದರು ಸಾಹೇಬರು. "ಹೊಲ ಇಲ್ದವರು ಒಕ್ಕಲುತನ ಹೆಂಗ ಮಾಡ್ತಾರ? ಪಾಲಿಗಿ ಮಾಡ್ತಾರ. ನೀವೂ ಕಾರ್ಡ್ ಪಾಲಿಗಿ ಹಿಡೀರಿ. ಅದಕ್ಕ ನಿಯಮದಾಗ ಅವಕಾಶ ಅದ."

ಅವಕಾಶ ಇರಲಿಲ್ಲ. ಅವರು ಹೇಳಿದ ಮೇಲೆ ನಾನು ಸೇರಿಸಿದೆ.

ಸೇಡಂ ಕಡೆಯ ಆಡಕಿ ಊರಿನ ಅಂಬಾರಾಯ ಸಾವ್ಕಾರರು ಎಕರೆಗಟ್ಟಲೆ ಪಹಣಿ ತೋರಿಸಿ ಒಂದು ಚೀಲ ತುಂಬ ಕಾರ್ಡು ಎತ್ತಿದ್ದರು. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಸರಕಾರ ಕೊಡುವಾಗ ಬಿಡಬಾರದು ಎಂಬ ತತ್ವವಿದೆ. ಸಾವ್ಕಾರರು ಮಾತಿನಲ್ಲಿ ಬಹಳ ಮೆತ್ತಗಿನವರು. ಪೂನಮ್ ಅವರ ಮನೆಗೆ ಹೋಗಿ ಹೇಳಿದ್ದನ್ನೆಲ್ಲ ಸಾವಧಾನದಿಂದ ಕೇಳಿ, ಚೀಲದಿಂದ ಒಂದು ಕಾರ್ಡ್ ತೆಗೆದು, ತಿರುವಿ ನೋಡಿ, ಅವಳ ಕೈಗಿಟ್ಟರು.

"ಆಟ ಮುಗಿದ ಮ್ಯಾಲ ಇದು ವಾಪಸ್. ಏನ್ ಬೆಳೀತದೋ ಅದರಾಗ ನಿನಗ ಅರ್ಧ, ನನಗ ಅರ್ಧ. ಬೆಳಿ ಹೋದ್ರ ನಿನ್ನ ನಸೀಬ. ಒಪ್ಪಿಗಿ ಅದ?"

ಪೂನಮ್‌ಗೆ ಅಳು ಬಂದಿತ್ತು ಎಂದು ಅನಸುಬಾಯಿ ಆಮೇಲೆ ಹೇಳಿದಳು. ಆದರೆ ಭಾನುವಾರ ಹತ್ತಿರ ಬಂದಿತ್ತು. ಒಪ್ಪಿಕೊಂಡಳು.

ಕಾರ್ಡಿಗೆ ಎಣ್ಣೆ ಎಣ್ಣೆ ಜಿಗುಟಿತ್ತು. ಇದು ದೋಷವಲ್ಲ, ಕೋಶದ ಮುಂಜಾಗ್ರತೆ. ಯೂರಿಯಾ ಗೊಬ್ಬರ ಕಳ್ಳದಾರಿಯಲ್ಲಿ ಕಾರ್ಖಾನೆಗಳಿಗೆ ಹೋಗದಿರಲೆಂದು ಅದಕ್ಕೆ ಬೇವಿನ ಎಣ್ಣೆ ಲೇಪಿಸುತ್ತಾರಷ್ಟೆ. ಅದೇ ರೀತಿ ನಮ್ಮ ಕಾರ್ಡುಗಳು ಎಐ ಕಂಪನಿಗಳಿಗೆ ಹೋಗಬಾರದೆಂದು ಗೋದಾಮಿನ ಹಮಾಲರು ಪ್ರತಿಯೊಂದಕ್ಕೂ ಬ್ರಷ್ಷಿನಿಂದ ಬೇವಿನ ಎಣ್ಣೆ ಬಳಿದಿದ್ದರು. ಫಲಿತಾಂಶ ನೂರಕ್ಕೆ ನೂರು. ಬೇವು ಲೇಪಿತ ಒಂದೇ ಒಂದು ಕಾರ್ಡನ್ನೂ ಯಾವ ಎಐ ಕಂಪನಿಯೂ ಈವರೆಗೆ ಮುಟ್ಟಿಲ್ಲ. ಚಿಂಚೋಳಿಯ ಕಾಡಂಚಿನ ರೈತರು ತಮ್ಮ ಪಾಲಿನ ಕಾರ್ಡುಗಳನ್ನು ಬೇಲಿಗೆ ಕಟ್ಟಿದ್ದು, ಆ ವಾಸನೆಗೆ ಹಂದಿಗಳೂ ಬರುತ್ತಿಲ್ಲವೆಂದು ವರದಿಯಾಗಿದೆ. ಚಿತ್ತಾಪುರದಿಂದ ಇದನ್ನು ನೋಡಲು ಒಂದು ಅಧ್ಯಯನ ತಂಡವೂ ಬಂದು ಹೋಯಿತು.

ಜಿಲಾನಿ ಮಾತ್ರ ಅಧ್ಯಯನ ಮಾಡುವ ಮನಸ್ಥಿತಿಯಲ್ಲಿರಲಿಲ್ಲ. ಪೂನಮ್ ತಂದ ಕಾರ್ಡನ್ನು ಮೂಸಿ, "ಇದು ಕಾರ್ಡ್ ಅದ ಏನ್ ಹಪ್ಪಳ ಅದ?" ಎಂದ. ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸ್ಪಿರಿಟ್ ಹಚ್ಚಿ, ಎರಡು ದಿನ ಅಂಗಡಿ ಕೆಲಸ ಬಿಟ್ಟು, ಸಂದುಸಂದಿನ ಎಣ್ಣೆ ತೆಗೆದ. ಕೂಲಿ ತೊಗೊಳ್ಳಲಿಲ್ಲ. "ಗೆದ್ದು ಬಾ ಬೇಟಾ, ಅಷ್ಟೇ ಸಾಕು" ಎಂದನಂತೆ. ಲೇಪನ ತೆಗೆಯುವುದು ಶಿಕ್ಷಾರ್ಹ. ನಾನು ಅದನ್ನು ವರದಿ ಮಾಡಲಿಲ್ಲ. ಆ ವಾರ ನನಗೆ ಬಹಳ ಕೆಲಸವಿತ್ತು.

ಭಾನುವಾರ ನಾನೂ ಶಹಾಬಾದಕ್ಕೆ ಹೋಗಿದ್ದೆ, ಕೋಶದ ಪರವಾಗಿ. ಕಲ್ಲಿನ ಕಾರ್ಖಾನೆಯ ಹೆಂಗಸರೆಲ್ಲ ಬಾಗಿಲಲ್ಲಿ, ಕಿಟಕಿಯಲ್ಲಿ ನಿಂತಿದ್ದರು. ಕಾರ್ಡ್ ಕಾದಂತೆ, ಜಿಲಾನಿಯ ಬ್ರಷ್ಷಿಗೆ ಸಿಗದೆ ಉಳಿದಿದ್ದ ಬೇವಿನೆಣ್ಣೆಯ ಹೊಗೆ ಎದ್ದು ಪೂನಮ್‌ಳ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಕೀಬೋರ್ಡಿನಿಂದ ಕೈ ತೆಗೆಯಬೇಕಾಗುತ್ತಿತ್ತು. ಕೊನೆಯ ತಿರುವಿನಲ್ಲಿ ಅವಳ ಕೆಂಪು ಕಾರು ಮುಂದಿನದನ್ನು ದಾಟಿ ಹೋದಾಗ ಅನಸುಬಾಯಿ ಪಕ್ಕದವಳ ಬೆನ್ನಿಗೆ ಗುದ್ದಿ ಕೂಗಿದಳು. ಪೂನಮ್ ಗೆದ್ದಿದ್ದಳು. ನಾನೂ ಕೂಗಿದೆ. ಕರಾರಿನಲ್ಲಿ ಇದಕ್ಕೆ ಯಾವ ಕಲಮೂ ಇಲ್ಲ.

ಮಾತಿನಂತೆ ಅವಳು ಪಾಲಿನ ಕಾರ್ಡನ್ನು ಮರುದಿನವೇ ಆಡಕಿಗೆ ಮುಟ್ಟಿಸಿದಳು.

ಹದಿನೈದು ದಿನದೊಳಗೆ ಸ್ಪರ್ಧೆ ನಡೆಸಿದವರು ಬಹುಮಾನದ ಕಾರ್ಡನ್ನು ಪೂನಮ್ ಹೆಸರಿಗೆ ಪಾರ್ಸಲ್ ಮಾಡಿದರು. ಪಂಚಪುರದೊಳಕ್ಕೆ ಬರುವ ಪ್ರತಿಯೊಂದು ಕಾರ್ಡೂ ಗೋದಾಮಿಗೆ ಬರತಕ್ಕದ್ದು. ಆದ್ದರಿಂದ ಬಂತು. ಬಿಡುಗಡೆಗೆ ಪಹಣಿ ಬೇಕು. ಪೂನಮ್‌ಗೆ ಪಹಣಿ ಇಲ್ಲ. ಆದ್ದರಿಂದ ಅಂಬಾರಾಯ ಸಾವ್ಕಾರರ ಪಹಣಿಯ ಮೇಲೆ ಬಿಡುಗಡೆ ಮಾಡಿ, ಕೋಶದ ಕಚೇರಿಯಲ್ಲೇ ಒಂದು ಸನ್ಮಾನ ಇಟ್ಟುಕೊಂಡೆವು. ಸಾವ್ಕಾರರಿಗೆ ಶಾಲು ಹೊದಿಸಿ "ಪ್ರಗತಿಪರ ಗೇಮರ್" ಎಂಬ ಫಲಕ ಕೊಡಲಾಯಿತು. ಅವರು ನನ್ನ ಕಿವಿಯ ಹತ್ತಿರ ಬಾಗಿ, "ನಾ ಈಗ ಏನ್ ಗೆದ್ದೀನ್ರಿ?" ಎಂದು ಕೇಳಿದರು. ಕಾರ್ ರೇಸ್ ಎಂದೆ. "ನನಗ ಕಾರ್ ಹೊಡೀಲಾಕ ಬರಲ್ಲಲ್ಲ" ಎಂದರು. ಪರವಾಗಿಲ್ಲ ಎಂದೆ.

ಅನಂತರ ಪಾಲು. ಕಾರ್ಡ್ ಒಂದೇ ಇತ್ತು. ಸಿದ್ದಲಿಂಗೇಶ ಸಾಹೇಬರು ಬಹಳ ಹೊತ್ತು ಯೋಚಿಸಿ ಅಳತೆಯ ಟೇಪು ತರಿಸಿದರು. ಕಾರ್ಡನ್ನು ಅಳೆದರು. ಅದು ಬಂದ ಡಬ್ಬಿಯನ್ನು ಅಳೆದರು. ಉದ್ದ, ಅಗಲ, ಎತ್ತರ ಮೂರರಲ್ಲೂ ಡಬ್ಬಿಯೇ ದೊಡ್ಡದು.

"ಕಾರ್ಡ್ ಸಾವ್ಕಾರ್ರಿಗಿ. ಡಬ್ಬಿ ಈ ಹೆಣ್ಮಗಳಿಗಿ" ಎಂದು ತೀರ್ಪು ಕೊಟ್ಟರು. "ಖರೇ ನೋಡಿದ್ರ ಅಕಿಗೇ ಅರ್ಧಕ್ಕಿಂತ ಜಾಸ್ತಿ ಹೋಗ್ಲಿಕತ್ತದ."

"ಹೋಗ್ಲಿ ಬಿಡ್ರಿ" ಎಂದರು ಅಂಬಾರಾಯ ಸಾವ್ಕಾರರು. "ಬಡವರ ಮನಿ ಕೂಸು. ಹೆಚ್ಚಿಂದು ನಾ ಕೇಳಂಗಿಲ್ಲ."

ಜನ ಚಪ್ಪಾಳೆ ತಟ್ಟಿದರು. ಅನಸುಬಾಯಿ ಎದ್ದು ನಿಂತಳು. "ಹೊಟ್ಟಿ ತುಂಬಾದು ರೊಟ್ಟಿಲೇ ಏನ್ ಬುಟ್ಟಿಲೇರಿ ಸಾಹೇಬ್ರ?" ಎಂದು ಕೇಳಿದಳು. ಸಾಹೇಬರು ನನ್ನ ಕಡೆ ನೋಡಿದರು. ಫಲಾನುಭವಿಯ ತಾಯಿ ಭಾವುಕರಾಗಿ ಎರಡು ಮಾತನಾಡಿದರು ಎಂದು ನಾನು ಬರೆದುಕೊಂಡೆ.

ಪೂನಮ್ ತಾಯಿಯ ಸೆರಗು ಹಿಡಿದು ಕೂರಿಸಿದಳು. ಡಬ್ಬಿಯ ಮುಚ್ಚಳ ತೆರೆದು ಒಳಗೆ ಒಮ್ಮೆ ನೋಡಿದಳು. ಕಾರ್ಡಿನ ಆಕಾರಕ್ಕೇ ಕೊರೆದ ಕಪ್ಪು ಸ್ಪಂಜಿನಲ್ಲಿ ಅದು ಕೂರುವ ಜಾಗ ಖಾಲಿ ಇತ್ತು. ಮುಚ್ಚಳ ಹಾಕಿ, ಎದ್ದು, ಸಾವ್ಕಾರರ ಮುಂದೆ ಹೋಗಿ ನಿಂತಳು.

"ಸಾವ್ಕಾರ್ರ, ಸಂಕ್ರಾಂತಿ ಆದ ಮ್ಯಾಲ ಇನ್ನೊಂದು ಸ್ಪರ್ಧೆ ಅದ. ಈ ಹೊಸಾ ಕಾರ್ಡ್ ನನಗ ಪಾಲಿಗಿ ಕೊಡ್ತೀರೇನ್ರಿ?"

"ನಿನಗ ಬಿಟ್ಟು ಯಾರಿಗಿ ಕೊಡಲವ್ವ?" ಎಂದರು ಅವರು, ಕಾರ್ಡನ್ನು ಶಾಲಿನಲ್ಲಿ ಸುತ್ತಿಕೊಳ್ಳುತ್ತ. "ಬರೋಮುಂದ ನೆನಪಿಲೆ ಆ ಡಬ್ಬಿ ತೊಗೊಂಡು ಬಾ. ಹಂಗೇ ಕೈಯಾಗ ಒಯ್ದ್ರ ನನ್ನ ಕಾರ್ಡ್ ಹಾಳಾಗ್ತದ."

"ತರ್ತೀನ್ರಿ" ಎಂದಳು ಪೂನಮ್.