ಐದು ಸ್ಪೀಕರ್, ಒಂದು ಕುರ್ಚಿ

ಮಂದಿ ಮನ್ಯಾಗ ಸ್ಪೀಕರ್ ಹಚ್ಚೂ ಉದ್ಯೋಗ ಮಾಡೂವಂವಗ ನಗಾಕಂತ ಬ್ಯಾರೆ ಎಲ್ಲೂ ಹೋಗೂದು ಬ್ಯಾಡ. ಗ್ವಾಡಿಗೆ ಒಂದು ತೂತು ಹೊಡದ್ರ ಸಾಕು, ಆ ಮನೀದೊಂದು ಕಥಿ ತಾನ ಹೊರಗ ಬರತೈತಿ. ಗೋಕಾಕದಾಗ ನಂದೊಂದು ಸಣ್ಣ ಅಂಗಡಿ ಐತಿ. ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರೂ ಕಡೆ ಯಾರ ಮನಿಗೆ ಹೋಮ್ ಥಿಯೇಟರ್ ಬಂದ್ರೂ ನಿಚ್ಚಣಿಕಿ ಹೊತ್ಕೊಂಡು ಹೋಗಾಂವ ನಾನ. ಹದಿನೈದು ವರ್ಷಾತು.

ಈ ಕೆಲಸದ ಶಾಸ್ತ್ರ ಭಾಳೇನಿಲ್ಲ. ಐದು ಡಬ್ಬಿ ಇರತಾವ. ಟಿವಿ ಎಡಕ್ಕೊಂದು, ಬಲಕ್ಕೊಂದು. ನಡುವಿಂದು ಟಿವಿ ಕೆಳಗ, ಮಾತೆಲ್ಲಾ ಅದರಾಗ ಬರತಾವ. ಉಳದ ಎರಡು ನಿಮ್ಮ ಬೆನ್ನ ಹಿಂದ. ಮಳಿ, ಗಾಳಿ, ಗುಡುಗು, ಹಿಂದಿಂದ ಓಡಿ ಬರೂ ಕುದರಿ, ಎಲ್ಲಾ ಅವರಾಗ. ಇದರ ಮ್ಯಾಲ ಬೂಫರ್ ಅಂತ ಒಂದು ದೊಡ್ಡ ಡಬ್ಬಿ, ಧಡ್ ಧಡ್ ಅನ್ನಾಕ. ಈ ಐದರ ಸಪ್ಪಳಾ ಬಂದು ಕೂಡೂ ಜಾಗಾ ಒಂದು ಖೋಲಿಗೆ ಒಂದ ಇರತೈತಿ. ಅಲ್ಲಿ ಕುಂತ್ರ ಸ್ವರ್ಗ. ಎರಡು ಗೇಣು ಸರದು ಕುಂತ್ರ ಬರೇ ಗದ್ದಲ.

ನಂದು ಒಂದ ಆಶಾ ಇತ್ತು. ಒಂದು ಮನ್ಯಾಗರ ಐದೂ ಡಬ್ಬಿ ಅವು ಇರಬೇಕಾದ ಜಾಗಾದಾಗ ಇರಬೇಕು. ಆ ಬರೋಬ್ಬರಿ ಜಾಗಾದಾಗ ಒಬ್ಬ ಮನಷ್ಯಾ ಕುಂದರಬೇಕು. ಕಣ್ಣು ಮುಚ್ಚಿ ಕೇಳಿ, "ಹೌದು" ಅನಬೇಕು. ಅಷ್ಟ. ಹದಿನೈದು ವರ್ಷದಾಗ ಒಬ್ರೂ ಅಂದಿರಲಿಲ್ಲ, ಯಾಕಂದ್ರ ನಾ ಹೇಳಿದ ಜಾಗಾದಾಗ ಡಬ್ಬಿ ಇಡಾಕ ಒಂದು ಮನ್ಯಾಗೂ ನನಗ ಬಿಟ್ಟಿರಲಿಲ್ಲ. ನಮ್ಮಾಕಿ ನಗತಿದ್ಲು: ಮಂದಿ ಮಗಳಿಗೆ ವರಾ ಹುಡಕತಾರ, ನೀವು ಡಬ್ಬಿಗೆ ಗ್ವಾಡಿ ಹುಡಕಾಕತ್ತೀರಿ ಅಂತ.

ಹಿಂದಿಂದ ಮಾತಾಡಬಾರದು

ಮೂಡಲಗ್ಯಾಗ ಬೆಲ್ಲದ ವ್ಯಾಪಾರ ಮಾಡೂ ಒಬ್ಬ ಜೈನ ಸಾವಕಾರ್ರು ಅದಾರ. ಅವರ ಪಡಸಾಲ್ಯಾಗ ಐದೂ ಡಬ್ಬಿ ಶಾಸ್ತ್ರದ ಪ್ರಕಾರ ಹಚ್ಚಿದ್ನಿ. ಆವತ್ತ ಅವರು ಮಗಗ ಕನ್ಯಾ ನೋಡಾಕ ಹೊಂಟಿದ್ರು. ರೇಶ್ಮಿ ರುಮಾಲು ಸುತ್ತಿ, ಹಣಿಗೆ ಗಂಧಾ ಹಚ್ಚಿ ತಯಾರಾಗಿದ್ರು. ನಾನು ಹಿಂದಿನ ಡಬ್ಬಿ ಹೆಂಗ ಮಾತಾಡತಾವ ನೋಡೂನು ಅಂತ ಒಂದು ಸಿನಿಮಾ ಹಚ್ಚಿದ್ನಿ. ಸಾವಕಾರ್ರು ಬಲಗಾಲು ಹೊಸ್ತಿಲಾ ದಾಟಿಸೂದಕ್ಕೂ, ಹಿಂದಿನ ಡಬ್ಬ್ಯಾಗ ಒಬ್ಬಾಂವ "ನಿಲ್ಲು" ಅಂತ ಒದರೂದಕ್ಕೂ ಸರಿ ಹೋತು.

ಹೊಂಟವರನ್ನ ಹಿಂದಿಂದ ಕರೀಬಾರದು ಅನ್ನೂದು ನಮ್ಮ ಕಡೆ ಸಣ್ಣ ಹುಡುಗರಿಗೂ ಗೊತ್ತು. ಸಾವಕಾರ್ರು ಕಾಲು ಹಿಂದ ತಗೊಂಡ್ರು. ಒಳಗ ಬಂದು ಕುಂತ್ರು, ನೀರು ಕುಡದ್ರು, ಮತ್ತ ಎದ್ರು. ನಾನು ಗಾಬರಿಗೆ ರಿಮೋಟಿನ್ಯಾಗ ಬಂದ್ ಮಾಡೂದರ ಬದಲಿ ಸಪ್ಪಳಾ ಇನ್ನಷ್ಟು ಏರಿಸಿದ್ನಿ. ಅವರು ಮತ್ತ ಹೊಸ್ತಿಲಕ್ಕ ಬಂದಾಗ ಹಿಂದಿಂದ ಒಂದು ಹೆಂಗಸು "ಹೋಗಬ್ಯಾಡ" ಅಂತ ಅತ್ಲು. ಮತ್ತ ಕುಂತ್ರು, ಮತ್ತ ನೀರು ಕುಡದ್ರು. ಮೂರನೇ ಸಲ ಯಾರೋ ಸೀನಿದ್ರು. ಅದು ಸಿನಿಮಾದಾಗಲ್ಲ, ನಾನ. ಗ್ವಾಡಿ ಧೂಳು ಮೂಗಿಗೆ ಹೋಗಿತ್ತು.

ಅಷ್ಟೊತ್ತಿಗೆ ಅವರ ತಾಯಿ, ಮನಿಯವರೆಲ್ಲಾ ಆಯಿ ಅಂತಾರ, ಬಡಿಗಿ ಊರಿಕೋತ ಬಂದ್ರು. ನನ್ನ ಬೈಲಿಲ್ಲ. ಹಿಂದಿನ ಎರಡು ಡಬ್ಬಿಗೆ ಬಡಿಗಿ ತೋರಿಸಿ ನಿಚ್ಚಳಾಗಿ ಹೇಳಿದ್ರು:

"ನಮ್ಮ ಮನ್ಯಾಗ ಬೆನ್ನ ಹಿಂದ ಮಾತಾಡೂ ಪದ್ಧತಿ ಇಲ್ಲ. ಏನ ಹೇಳೂದಿದ್ರೂ ಎದುರಿಗೆ ಬಂದು ಹೇಳಾಕ ಹೇಳು ಅವಕ್ಕ."

ಹಿಂದಿನೆರಡೂ ಬಿಚ್ಚಿ, ಐದೂ ಡಬ್ಬಿ ಟಿವಿ ಕೆಳಗ ಸಾಲಾಗಿ ಇಟ್ನಿ. ಸಾವಕಾರ್ರು ನಿಶ್ಚಿಂತಿಲೆ ಹ್ವಾದ್ರು, ಕನ್ಯಾ ಒಪ್ಪಿಗಿ ಆತು. ಈಗ ಆ ಓಣ್ಯಾಗ ಮದವಿಗೆ ಬಂದ ಮಕ್ಕಳಿದ್ದ ಮೂರು ಮನಿಯವರು ನನ್ನ ಕಡೆ ಡಬ್ಬಿ ಹಚ್ಚಿಸ್ಯಾರ. ಐದೂ ಎದುರಿಗೆ ಇರಬೇಕು ಅಂತ ಮೊದಲ ಹೇಳಿ ಕರಸ್ಯಾರ.

ಸಮ ಪಾಲು

ಬೆಲ್ಲದ ಬಾಗೇವಾಡಿ ಅನ್ನೂ ಊರಾಗ ಒಂದು ಕೂಡಿದ ಮನಿ. ನಾಕು ಮಂದಿ ಅಣ್ಣತಮ್ಮಂದ್ರು, ನಾಕು ಸೊಸ್ತ್ಯಾರು, ಮ್ಯಾಲ ಅವರಪ್ಪ. ಆ ಯಜಮಾನ್ರು ನನ್ನ ಕೇಳಿದ್ದು ಒಂದ ಮಾತು: ಡಬ್ಬಿ ಎಷ್ಟು ಅಂತ. ಐದ್ರಿ ಅಂದ್ನಿ. ಅವರ ಮಾರಿ ಅರಳತು. ಮಕ್ಕಳು ನಾಕು, ನಾನೊಬ್ಬ, ಬರೋಬ್ಬರಿ ಆತಲ್ಲ, ಖೋಲಿಗೊಂದು ಹಚ್ಚು ಅಂದ್ರು.

ಇವನ್ನ ಒಡೀಬಾರದ್ರಿ, ಐದೂ ಕೂಡಿ ಒಂದ ಸಂಸಾರ ಅಂತ ತಿಳಿಸಿ ಹೇಳಿದ್ನಿ. ಕೇಳಲಿಲ್ಲ. ಒಬ್ಬ ಮಗನ ಖೋಲ್ಯಾಗ ಇದ್ದು ಇನ್ನೊಬ್ಬನ ಖೋಲ್ಯಾಗ ಇಲ್ಲಂದ್ರ ನಾಳೆ ಹೊಲಕ್ಕ ಬದು ಬೀಳತೈತಿ, ಅದನ್ನ ನೀ ಬಂದು ಕೂಡಸ್ತೀಯೇನು ಅಂದ್ರು. ಟಿವಿ ಪಡಸಾಲ್ಯಾಗ ಉಳೀತು, ಡಬ್ಬಿ ಖೋಲಿಗೊಂದು ಹ್ವಾದುವು.

ಮಾತಿನ ಡಬ್ಬಿ ಹಿರೇ ಮಗನ ಪಾಲಿಗೆ ಬಂತು. ನಡುವಿನವರಿಬ್ಬರಿಗೆ ಹಾಡು ಬಂತು. ಸಣ್ಣಾಂವಗ ಮತ್ತ ಯಜಮಾನ್ರಿಗೆ ಹಿಂದಿನ ಡಬ್ಬಿ, ಅಂದ್ರ ಮಳಿ ಮತ್ತ ಗುಡುಗು. ಎರಡು ದಿನದಾಗ ಸಣ್ಣ ಸೊಸಿ, ನಮ್ಮ ಖೋಲ್ಯಾಗ ಬರೇ ಮಳಿ ಹೊಡೀತೈತಿ, ಕಥಿ ಏನಂತ ತಿಳೀವಲ್ಲತು ಅಂತ ಹಿರೇ ನೆಗೆಣ್ಣಿ ಖೋಲಿಗೆ ಹೋಗಿ ಕುಂತ್ಲು. ನಡುವಿನವರೂ ಅಲ್ಲೇ ಬಂದ್ರು. ಹಬ್ಬದಾಗೂ ಒಂದ ಕಡೆ ಕೂಡದ ನಾಕೂ ಮಂದಿ ಈಗ ದಿನಾ ಒಂದ ಖೋಲ್ಯಾಗ ಕುಂತು, ಶೇಂಗಾ ಸುಲಕೋತ ಕಥಿ ಕೇಳಾಕ ಹತ್ತಿದ್ರು. ಯಜಮಾನ್ರಿಗೆ ಇದರ ಮ್ಯಾಲ ಇನ್ನೇನು ಬೇಕು.

ಆದ್ರ ಅವರ ಖೋಲ್ಯಾಗಿನ ಮಳಿ ಬ್ಯಾರೆನ ಆಟ ಆಡತು. ಅಂಗಳದಾಗ ಗೋವಿನಜೋಳ ಒಣಾಕ ಹಾಕಿದ್ರು. ಡಬ್ಬಿ ಗುಡುಗತು, ಯಜಮಾನ್ರು ಓಡಿ ಹೋಗಿ ಎಲ್ಲಾ ಬಳದು ಒಳಗ ಹಾಕಿದ್ರು. ಹೊರಗ ಸುಡು ಸುಡು ಬಿಸಲ. ಮರುದಿನ ಮತ್ತ ಗುಡುಗು, ಮತ್ತ ಓಡಿದ್ರು, ಮತ್ತ ಬಿಸಲ. ಮೂರನೇ ದಿನ ಗುಡುಗಿದಾಗ ಅವರು ಮಗ್ಗಲಾ ಬದಲಿಸಿ ಮಲಕೊಂಡ್ರು. ಆವತ್ತ ಬಂದದ್ದು ಖರೇ ಮಳಿ. ಸಂಜಿ ಮುಂದ ನನಗ ಫೋನ್ ಬಂತು.

"ತಮ್ಮಾ, ಡಬ್ಬಿ ಇರಲಿ. ನಿನ್ನ ಮಳಿ ಯಾವುದು, ದೇವರ ಮಳಿ ಯಾವುದು ಅಂತ ತಿಳಿಯೂವಂಗ ಏನರ ಮಾಡು."

ಸೊಂಟಕ್ಕ ಬೂಫರ್

ಇದು ಸಣ್ಣದು. ಧುಪದಾಳದ ಒಬ್ಬರು ಬೂಫರ್ ಸಪ್ಪಳಾ ಬರವಲ್ಲತು ಅಂತ ಕರದ್ರು. ಹೋಗಿ ನೋಡಿದ್ರ ಮೂಲ್ಯಾಗ ಇಟ್ಟಿದ್ದ ಬೂಫರ್ ಅಲ್ಲಿರಲಿಲ್ಲ. ಪಡಸಾಲಿ ನಡುವ ಒಬ್ಬ ಅಜ್ಜಿ ಕೌದಿ ಹಾಕಿದ ಮಣಿ ಮ್ಯಾಲ ಕುಂತು ಅಕ್ಕಿ ಹಸನ ಮಾಡಾಕತ್ತಿದ್ಲು. ವೈರ್ ಹಿಡಕೊಂಡು ಹುಡಕ್ಕೋತ ಹ್ವಾದ್ನಿ, ಅದು ಅಜ್ಜಿ ಕೌದಿ ಕೆಳಗ ಹೋಗಿತ್ತು.

ಅಜ್ಜಿ ಏಳಲಿಲ್ಲ. ಡಾಕ್ಟರ್ ಕೊಟ್ಟ ಎಣ್ಣಿಗಿಂತ ಇದು ಪಾಡ ಐತಿ, ಭಜನಿ ಹಚ್ಚಿದ್ರ ಏನೂ ಹತ್ತೂದಿಲ್ಲ, ಬಡದಾಟ ಬಂದ್ರ ಸೊಂಟಾ ಹಿಡದದ್ದು ಪಟ್ಟನ ಬಿಡತೈತಿ ಅಂದ್ಲು. ಹಂಗಂತ ಮೊಮ್ಮಗಗ ದಿನಾ ಬಡದಾಟದ ಸಿನಿಮಾನ ಹಚ್ಚಾಕ ಹೇಳತಿದ್ಲಂತ. ಇದು ಮೂಲ್ಯಾಗ ಇರಬೇಕು ಅಜ್ಜಿ, ಇಲ್ಲಂದ್ರ ಸಪ್ಪಳಾ ಸರಿ ಬರೂದಿಲ್ಲ ಅಂದ್ನಿ. ಮೂಲ್ಯಾಗ ಕುಂತ್ರ ನನಗ ಓಣಿ ಕಾಣೂದಿಲ್ಲ ಅಂದ್ಲು. ನಾನು ಚಾ ಕುಡದು ಎದ್ನಿ. ಬಾಗಲದಾಗ ಕಾಲಾಗ ಚಪ್ಪಲಿ ಹಾಕ್ಕೊಳ್ಳಾಕತ್ತಾಗ ಅಜ್ಜಿ ಮೆತ್ತಗ ಕರದು ಕೇಳಿದ್ಲು:

"ಯಪ್ಪಾ, ಮೊಣಕಾಲಿಗೆ ಕಟ್ಟೂವಂಥಾದ್ದು ಸಣ್ಣದೊಂದು ಬರತೈತೇನು?"

ಮಾಸ್ತರ ಖೋಲಿ

ಇಷ್ಟೆಲ್ಲಾ ಆಗಿ ನಾನು ಆಶಾ ಬಿಟ್ಟಿದ್ನಿ. ಆವಾಗ ಹುಕ್ಕೇರಿಯಿಂದ ಒಬ್ಬ ಮಾಸ್ತರು ಬಂದ್ರು. ಗಣಿತ ಕಲಿಸಿ ರಿಟೈರ್ ಆದವರು, ಗಾನಾ ಬಜಾನಾದ ಹುಚ್ಚು. ಬರೇ ಹಾಡು ಕೇಳಾಕಂತ ಮನಿ ಮ್ಯಾಲ ಒಂದು ಖೋಲಿ ಕಟ್ಟಿಸ್ಯಾರ. ಡಬ್ಬಿ ಎಲ್ಲೆಲ್ಲಿ ಇರಬೇಕು ನೀ ಹೇಳು ತಮ್ಮಾ, ನಾ ನಡುವ ಬಾಯಿ ಹಾಕೂದಿಲ್ಲ ಅಂದ್ರು. ಖರೇ ಹೇಳತೇನಿ, ನನ್ನ ಕಣ್ಣಾಗ ನೀರು ಬಂತು.

ಸಾಲ್ಯಾಗ ಕರಿ ಹಲಗಿ ಮ್ಯಾಲ ಕೋನಾ ಅಳೀತಾರಲ್ಲ, ಅಂಥಾ ದೊಡ್ಡ ಕಟ್ಟಿಗಿ ಕೋನಮಾಪಕ ಮಾಸ್ತರ ಹತ್ರ ಇತ್ತು. ಖೋಲಿ ನಡುವ ಒಂದು ಮೊಳಿ ಹೊಡದು, ಅದಕ್ಕ ದಾರಾ ಕಟ್ಟಿ, ಒಂದೊಂದು ಡಬ್ಬಿಗೂ ಕೋನಾ ನೋಡಿದ್ವಿ. ಅವರು ಕುರ್ಚಿ ಮ್ಯಾಲ ಕುಂತಾಗ ನೆಲದಿಂದ ಕಿವಿ ಎಷ್ಟು ಎತ್ತರ ಬರತೈತಿ ಅಂತ ಟೇಪ್ ಹಿಡದು ಅಳದ್ವಿ. ಟಿವಿ, ಐದೂ ಡಬ್ಬಿ, ಬೂಫರ್, ಎಲ್ಲಾ ಕೂಡಿಸಿ ಮೊಳಿ ಇದ್ದ ಜಾಗಾದ ಮ್ಯಾಲ ಒಂದು ಮೆತ್ತನ ಕುರ್ಚಿ ಇಟ್ವಿ. ಇನ್ನ ಮಾಸ್ತರು ಕುಂದರಬೇಕು, ಹೌದು ಅನಬೇಕು, ನನ್ನ ಜನ್ಮ ಪಾವನ ಆಗಬೇಕು.

ಮಾಸ್ತರು ಕುಂದರಲಿಲ್ಲ. ಪೂಜಿ ಆಗಲಿ, ಹಿರ್ಯಾರು ಮೊದಲು ಕುಂದರಲಿ ಅಂದ್ರು. ಹಿರ್ಯಾರು ಅಂದ್ರ ಅವರ ಮಾವ, ಹೆಂಡತಿ ತಂದಿ, ತೊಂಬತ್ತರ ಹತ್ರ ವಯಸ್ಸು. ಕಾಯಿ ಒಡದು ಅವರನ್ನ ಕೈ ಹಿಡದು ತಂದು ಕುರ್ಚಿ ಮ್ಯಾಲ ಕುಂದರಿಸಿದ್ರು. ಟಿವ್ಯಾಗ ಒಂದು ಹಾಡಿನ ಬೈಠಕ್ ಹಚ್ಚಿದ್ನಿ, ಗವಾಯಿ ಹಾಡಾಕ ಸುರು ಮಾಡಿದ. ನಾನು ಅಜ್ಜಾರ ಮಾರಿ ನೋಡಿದ್ನಿ. ಹೆಂಗೈತ್ರಿ ಅಂತ ಕೇಳಿದ್ನಿ. ಅಜ್ಜಾರು ನಕ್ಕ್ರು, ಎರಡೂ ಕಿವಿ ಮುಟ್ಟಿ ಕೈ ಅಲ್ಲಾಡಿಸಿದ್ರು. ಕಿವೀಗ ಹಾಕ್ಕೊಳ್ಳೂ ಮಿಶಿನ್ ಅವರ ಕಿಸೆದಾಗ ಇತ್ತು. ಸುಮ್ಮನ ಬ್ಯಾಟರಿ ಯಾಕ ಹಾಳು ಮಾಡೂದು ಅಂತ ತಗದಿಟ್ಟಿದ್ರಂತ.

ಒಂದು ದಿನದ ಮಾತು ಬಿಡು ಅಂತ ನಾನು ಗೋಕಾಕಕ್ಕ ಬಂದ್ನಿ. ಆದ್ರ ಅಜ್ಜಾರ ಊರಾಗ ಮನಿ ರಿಪೇರಿ ನಡದಿತ್ತು. ಅದು ಯಾವಾಗ ಮುಗೀತೈತೋ ಗೊತ್ತಿರಲಿಲ್ಲ, ಮಗಳ ಮನ್ಯಾಗ ಉಳದ್ರು. ಮುಂಜಾನೆ ನಾಷ್ಟಾ ಆತಂದ್ರ ಮ್ಯಾಲ ಬಂದು ಆ ಕುರ್ಚಿ ಮ್ಯಾಲ ಕುಂತು ಗವಾಯಿ ಕೈ ತಿರುವೂದು ನೋಡಿ ಖುಷಿ ಪಡತಿದ್ರು. ಹೆಣ್ಣು ಕೊಟ್ಟ ಮಾವಗ ಕುರ್ಚಿ ಬಿಟ್ಟು ಏಳ್ರಿ ಅನ್ನಾಕ ಬರತೈತೇನು? ಮಾಸ್ತರು ಇನ್ನೂ ಮೆತ್ತನದೊಂದು ಕುರ್ಚಿ ತರಿಸಿ ಕಿಟಕಿ ಬಾಜೂಕ ಇಟ್ಟು ನೋಡಿದ್ರು. ಅಜ್ಜಾರು ಅದರ ಮ್ಯಾಲ ಟವೆಲ್ ಒಣ ಹಾಕಿದ್ರು.

ಮಾಸ್ತರು ಹಿಂದ ಬಾಗಲದ ಹತ್ರ ಚಾಪಿ ಮ್ಯಾಲ ಕುಂದರತಿದ್ರು. ಅಲ್ಲಿ ಹಿಂದಿನ ಡಬ್ಬಿ ಸೀದಾ ಕಿವೀಗ ಹತ್ತತಿತ್ತು. ಅದರಾಗ ಬರೂದು ಗವಾಯಿ ಧ್ವನಿ ಅಲ್ಲ, ಬೈಠಕ್ಕಿಗೆ ಬಂದ ಮಂದಿ ಸಪ್ಪಳಾ. ಮೂರು ವಾರ ಮಾಸ್ತರು ಕೇಳಿದ್ದು ಬರೇ ಚಪ್ಪಾಳಿ, ಕೆಮ್ಮು, ವಾಹ್ ವಾಹ್. ಕಡೀಕ ನನಗ ಫೋನ್ ಹಚ್ಚಿದ್ರು. ಧ್ವನಿ ಸಣ್ಣಾಗಿತ್ತು.

"ತಮ್ಮಾ, ಮಾವನ್ನ ಸರಸಾಕ ಬರೂದಿಲ್ಲ. ಡಬ್ಬಿ ಸರಸೂನು."

ಹದಿನೈದು ವರ್ಷಕ್ಕ ಒಂದು ಖೋಲಿ ಬರೋಬ್ಬರಿ ಆಗಿತ್ತು, ಅದನ್ನ ನಾನ ಕೈಯಾರೆ ಬಿಚ್ಚಬೇಕು. ಆದ್ರ ಮಾಸ್ತರ ಸಂಕಟ ನನಗಿಂತ ದೊಡ್ಡದು. ಹ್ವಾದ್ನಿ. ಈ ಸಲ ಚಾಪಿ ಮ್ಯಾಲ ಮೊಳಿ ಇದ್ದಂಗ ಲೆಕ್ಕಾ ಹಿಡದು, ಮತ್ತ ದಾರಾ ಕಟ್ಟಿ, ಮತ್ತ ಕೋನಾ ನೋಡಿ, ಚಾಪಿ ಮ್ಯಾಲ ಕುಂತವರ ಕಿವಿ ಎತ್ತರಕ್ಕ ಐದೂ ಡಬ್ಬಿ ಇಳಿಸಿದ್ನಿ. ಟಿವಿನೂ ಬಾಜೂ ಗ್ವಾಡಿಗೆ ಹೋತು, ಹಳೇ ತೂತು ಗ್ವಾಡ್ಯಾಗ ಹಂಗ ಉಳದುವು. ಇಡೀ ದಿನ ಹಿಡೀತು. ಅಜ್ಜಾರು ಕುರ್ಚಿ ಮ್ಯಾಲ ಕುಂತ ಎಲ್ಲಾ ನೋಡಿದ್ರು, ನಡುನಡುವ ನನಗ ಎಲಿ ಅಡಕಿ ಕೊಟ್ರು.

ಮಾಸ್ತರು ಚಾಪಿ ಮ್ಯಾಲ ಚಕ್ಕಳಬಕ್ಕಳ ಹಾಕಿ ಕುಂತ್ರು. ಹಾಡು ಹಚ್ಚಿದ್ನಿ. ಅವರ ಕಣ್ಣು ತಾವ ಮುಚ್ಚಿದುವು. ಹುಬ್ಬು ಮ್ಯಾಲೇರಿತು, ಕೈ ತೊಡಿ ಮ್ಯಾಲ ತಾಳ ಹಾಕಾಕ ಸುರು ಆತು. ಎರಡು ನಿಮಿಷ ಬಿಟ್ಟು, ಕಣ್ಣು ತಗೀದನ, ನನ್ನ ಕೈ ಹಿಡದು ಅಂದ್ರು:

"ಹೌದೋ ತಮ್ಮಾ. ಹೌದು."

ಆ ಮಾತು ಕೇಳಿ ನನಗ ಇಡೀ ಹುಕ್ಕೇರಿಗೆ ಪೇಢೆ ಹಂಚಬೇಕು ಅನಸ್ತು.

ಅಷ್ಟರಾಗ, ಟಿವಿ ಬಾಜೂಕ ಹೋಗಿತ್ತಲ್ಲ, ಅಜ್ಜಾರು ಅದನ್ನ ನೋಡಾಕ ಕುರ್ಚಿ ತಿರುಗಿಸಿದ್ರು. ಇಷ್ಟು ದಿನ ಅಳಿಯಾರು ಅವರ ಬೆನ್ನ ಹಿಂದ ಕುಂದರತಿದ್ರು, ಕಂಡಿರಲಿಲ್ಲ. ಈಗ ಕಂಡ್ರು. ಹೆಣ್ಣು ಕೊಟ್ಟ ಮನಿಯವರು ಕುರ್ಚಿ ಮ್ಯಾಲ, ಅಳಿಯಾ ದೇವರು ನೆಲದ ಮ್ಯಾಲ. ಅಜ್ಜಾರ ಮಾರಿ ಸಣ್ಣದಾತು. ಧಡಕ್ಕನ ಎದ್ದು ಬಂದು ಅಳಿಯಾರ ರೆಟ್ಟಿ ಹಿಡದು ಎಬ್ಬಿಸಿದ್ರು. ಮಾಸ್ತರು ಬ್ಯಾಡ್ರಿ, ನನಗ ಇಲ್ಲೇ ಚಲೋ ಐತ್ರಿ ಅಂತ ಒದರಿದ್ರು. ಮಿಶಿನ್ ಕಿಸೆದಾಗ, ಯಾರಿಗೆ ಕೇಳಬೇಕು. ನಾನೂ ಕೈ ಮುಗದ್ನಿ. ಆಶೀರ್ವಾದ ಕೇಳಾಕತ್ತಾನ ಅಂತ ತಿಳದು ನನ್ನ ತಲಿ ಮ್ಯಾಲ ಕೈ ಇಟ್ರು.

ಅಳಿಯಾರನ್ನ ಒಯ್ದು ಕುರ್ಚಿ ಮ್ಯಾಲ ಕುಂದರಿಸಿ, ತಾವು ಬಂದು ಚಾಪಿ ನಟ್ಟನಡುವ, ನಾನು ಲೆಕ್ಕಾ ಹಾಕಿದ ಜಾಗಾದಾಗ ಬರೋಬ್ಬರಿ ಕುಂತ್ರು.

"ಇನ್ನ ಮುಂದ ನೀವು ಕುರ್ಚಿ ಮ್ಯಾಲ ಕೂಡ್ರಿ, ಅಳಿಯಾರ. ನಾ ಇರೂತನಾ ನನ್ನ ಜಾಗಾ ಇದ," ಅಂದ್ರು.

ಮಾಸ್ತರು ಕುರ್ಚಿ ಮ್ಯಾಲ ಕುಂತು ಒಂದು ಗಳಿಗಿ ಮಾವನ್ನ ನೋಡಿದ್ರು, ಒಂದು ಗಳಿಗಿ ಡಬ್ಬಿ ನೋಡಿದ್ರು. ಆಮ್ಯಾಲ ನನ್ನ ಕಡೆ ತಿರುಗಿ ಕೇಳಿದ್ರು:

"ಹಳೇ ತೂತು ಇನ್ನೂ ಮುಚ್ಚಿಲ್ಲಲ್ಲ, ತಮ್ಮಾ?"