ಏಳು ಜನರನ್ನು ಎರಡು ತರಗತಿಗಳಿಂದ ಒಮ್ಮೆಗೇ ಹೊರಹಾಕಿದ ಡೀನರಿಗೆ

ಮಾನ್ಯರೇ,

ಬ್ರಿಕ್ ಕ್ರೀಕ್ ಕಮ್ಯುನಿಟಿ ಕಾಲೇಜಿನ ನೋಂದಣಿ ವಿಭಾಗದ ಡೀನ್ ಡಾ. ವಿನ್‌ಸ್ಲೋ ಪ್ರಿಚೆಟ್ ಅವರಿಗೆ, ಇದೇ ಊರಿನ ಗೇರ್‌ಬಾಕ್ಸ್ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಪ್ರೆಸ್ ಯಂತ್ರದ ಮುಂದೆ ನಿಂತಿರುವ ಲೊರೆಟ್ಟಾ ವೊಯ್ಚಿಕ್ ಎಂಬ ನಾನು ನಿಂತಲ್ಲಿಂದಲೇ ಸಲ್ಲಿಸುವ ವಂದನೆಗಳು. ತಾವು ಕ್ಷೇಮವಾಗಿದ್ದೀರೆಂದು ಕಾಲೇಜಿನ ಹೆಬ್ಬಾಗಿಲಿನ ತಮ್ಮ ಹೊಸ ಫೋಟೊ ನೋಡಿ ತಿಳಿದು ಸಂತೋಷವಾಯಿತು. ಅದನ್ನು ಎಷ್ಟು ದೊಡ್ಡದಾಗಿ ಹಾಕಿಸಿದ್ದೀರೆಂದರೆ ಅಲ್ಲಿದ್ದ ತರಗತಿಗಳ ವೇಳಾಪಟ್ಟಿ ಪೂರ್ತಿ ಮುಚ್ಚಿಹೋಗಿದೆ. ಮುಚ್ಚಿದ್ದರಿಂದ ಯಾರಿಗೂ ನಷ್ಟವಿಲ್ಲ, ಪಟ್ಟಿಯಲ್ಲಿ ತಾವು ಉಳಿಸಿರುವುದೂ ಅಷ್ಟಕ್ಕಷ್ಟೆ.

ನನ್ನ ಬಲ ಭುಜ ಸವೆದುಹೋಗಿದೆ ಸ್ವಾಮಿ. ಆಗಸ್ಟಿಗೆ ಮುಗಿಯುವ ಈ ಬೇಸಿಗೆ ದಾಟಿದ ಮೇಲೆ ಪ್ರೆಸ್ ಕೆಲಸ ಸಾಧ್ಯವೇ ಇಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಕಾರ್ಖಾನೆಯನ್ನು ಜರ್ಮನಿಯವರು ಕೊಂಡು ಅಲ್ಲಿಂದಲೇ ಹೊಸ ಯಂತ್ರಗಳನ್ನು ತಂದಾಗ, ಅವನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಕೆಲಸವೊಂದು ಹುಟ್ಟಿಕೊಂಡಿತು. ಮ್ಯಾನೇಜರ್ ರುಪ್ರೆಕ್ಟ್ ನನ್ನನ್ನು ಕರೆದು, "ನಿಮ್ ಕೈಗುಣ ನಂಗೊತ್ತು ಲೊರೆಟ್ಟಾ, ಆದ್ರೆ ಹೆಡ್ ಆಫೀಸ್‌ನೋರಿಗೆ ಕೈ ಕಾಣ್ಸಲ್ಲ, ಕಾಗದ ಕಾಣ್ಸುತ್ತೆ. ಜರ್ಮನ್ ಒಂದ್ನೇ ಹಂತ, ಎಂಜಿನಿಯರಿಂಗ್ ಟೆಕ್ನಾಲಜಿ ಪರಿಚಯ, ಎರಡ್ನೂ ಮೇ ಒಳ್ಗೆ ಪಾಸ್ ಮಾಡ್ಕೊಂಡ್ ಬನ್ನಿ, ಕೆಲ್ಸ ನಿಮ್ದೇ" ಎಂದರು. ನಲವತ್ತೇಳನೆಯ ವಯಸ್ಸಿನಲ್ಲಿ ಹೊಸ ಪೆನ್ಸಿಲ್ ಕೆತ್ತಿಕೊಂಡು ಜನವರಿಯಲ್ಲಿ ತಮ್ಮ ಬಾಗಿಲಿಗೆ ಬಂದೆ.

ಬಂದಾಗ ತಿಳಿದದ್ದು, ಹತ್ತು ಜನ ಸೇರದ ತರಗತಿಯನ್ನು ಮೊದಲ ವಾರವೇ ರದ್ದು ಮಾಡುವ ತಮ್ಮ ನಿಯಮ. ಜರ್ಮನ್‌ಗೆ ಏಳು ಜನ, ಎಂಜಿನಿಯರಿಂಗ್‌ಗೂ ಏಳೇ ಜನ, ಎರಡರಲ್ಲೂ ಇದ್ದವಳು ನಾನೊಬ್ಬಳೇ. ಪಕ್ಕದ ಮನೆಯ ಹುಡುಗಿ ಶಾಲೆಗೆ ಹಣ ಕೂಡಿಸಲೆಂದು ಮಾರಲು ತರುವ ಬಿಸ್ಕತ್ತನ್ನು ಬೇಕಿರಲಿ ಬೇಡವಿರಲಿ ಎಲ್ಲರೂ ಕೊಳ್ಳುವ ಊರು ನಮ್ಮದು. ಹಾಗಾಗಿ ಕಾಫಿ ಯಂತ್ರದ ಹತ್ತಿರ ಸಭೆ ಸೇರಿ, ಆ ಕಡೆಯ ಮೂವರು ಈ ಕಡೆಗೂ, ಈ ಕಡೆಯ ಮೂವರು ಆ ಕಡೆಗೂ ಹೆಸರು ಕೊಡುವುದೆಂದು ತೀರ್ಮಾನಿಸಿದೆವು. ಎಂಜಿನಿಯರಿಂಗ್ ಕಡೆಯ ವೆಲ್ಡರ್ ವರ್ನ್ ಸ್ಟಕ್ಕಿ, "ಜರ್ಮನ್ ತಗೊಂಡು ನಾನೇನ್ ಮಾಡ್ಲಿ? ನಮ್ಮಜ್ಜಿ ಅದ್ರಲ್ಲಿ ಬೈತಿದ್ಲು. ಏನ್ ಬೈದ್ಲು ಅಂತಾನಾದ್ರೂ ಈಗ ಗೊತ್ತಾಗ್ಲಿ ಬಿಡಿ" ಎಂದು ಮೊದಲು ಸಹಿ ಹಾಕಿದ. ಎರಡೂ ತರಗತಿಗಳಲ್ಲಿ ಹತ್ತು ಹತ್ತು ಜನರಾದೆವು.

ಇಲ್ಲಿಂದ ಮುಂದೆ ತಮ್ಮ ಪ್ರತಿಭೆಯನ್ನು ಹೊಗಳಲು ನನ್ನ ಬಳಿ ಮಾತಿಲ್ಲ. ಸೋಮವಾರ ನಾಲ್ಕಕ್ಕೆ ಒಂದು, ಮಂಗಳವಾರ ನಾಲ್ಕಕ್ಕೆ ಇನ್ನೊಂದು ಇದ್ದ ಈ ತರಗತಿಗಳ ತುಂಬು ಆರೋಗ್ಯವನ್ನು ಕಂಡು ತಾವು ಹಿಗ್ಗಿ, ಎರಡನ್ನೂ ಮಂಗಳವಾರ ನಾಲ್ಕಕ್ಕೇ ಇಟ್ಟರೆ ಸೋಮವಾರ ಕಟ್ಟಡದ ಹೀಟರ್ ಆರಿಸಬಹುದೆಂದು ಕಂಡುಹಿಡಿದಿರಿ. ಒಬ್ಬರು ಒಂದೇ ಹೊತ್ತಿನಲ್ಲಿ ಎರಡು ಕಡೆ ಕೂರಲಾಗದೆಂಬ ಸತ್ಯ ತಮಗೆ ಹೊಳೆಯದಿದ್ದರೂ ತಮ್ಮ ಕಂಪ್ಯೂಟರಿಗೆ ಹೊಳೆದು, ಎರಡೂ ಕಡೆ ಹೆಸರಿದ್ದ ಏಳು ಜನರನ್ನು ಅದು ಒಂದರಲ್ಲಾದರೂ ಉಳಿಸದೆ ಎರಡರಿಂದಲೂ ಅಳಿಸಿತು. ಆಮೇಲೆ ಎರಡೂ ಕಡೆ ಉಳಿದದ್ದು ಮೂವರು ಮೂವರು. ಅವರನ್ನು ತಾವು, ಸಂಖ್ಯೆ ಸಾಲದೆಂಬ ವಿಷಾದದೊಂದಿಗೆ, ಅದೇ ಸಂಜೆ ಮನೆಗೆ ಕಳಿಸಿದಿರಿ.

ತಮ್ಮ ಕಚೇರಿಗೆ ಮೂರು ಸಲ ಬಂದೆ, ಮೂರು ಸಲವೂ ತಾವು ಮೀಟಿಂಗಿನಲ್ಲಿದ್ದಿರಿ. ತಮ್ಮ ಕಾರ್ಯದರ್ಶಿ ಬರ್ನಡೀನ್ ನನ್ನ ಶಾಲೆಯ ಗೆಳತಿ. ಅವಳು ಪರದೆಯ ಕಡೆ ನೋಡುತ್ತ, "ನನ್ನೇನ್ ಕೇಳ್ತೀಯೇ, ಕಂಪ್ಯೂಟರ್ ತೆಗೆದ್ಮೇಲೆ ಸಾಹೇಬ್ರೂ ಸೇರ್ಸಲ್ವಂತೆ. ನಾಲ್ಕು ಗಂಟೆಗೆ ಜಾಗ ಇರೋದು ಗಾಲ್ಫ್ ಒಂದ್ರಲ್ಲೇ ಕಣೇ. ಬರ್ಕೊಳ್ಲಾ?" ಎಂದಳು. ನಾನು ಭುಜ ತೋರಿಸಿದೆ. "ಹೌದಲ್ವಾ" ಎಂದು ಅವಳು ತಲೆ ತಗ್ಗಿಸಿದಳು. ತಾವು ಸಹಿ ಮಾಡಿದ ಪತ್ರ ಮಾತ್ರ ತಲೆ ತಗ್ಗಿಸಲಿಲ್ಲ. ಗಾಲ್ಫ್ ಕಲಿಕೆ ನನ್ನ ವೃತ್ತಿಜೀವನಕ್ಕೆ ಹೊಸ ಬಾಗಿಲು ತೆರೆಯಲಿದೆ ಎಂಬ ಶುಭಾಶಯದೊಂದಿಗೆ ಅದು ಮರುವಾರವೇ ಮನೆಗೆ ಬಂತು.

ಎರಡೂ ತರಗತಿಗಳನ್ನು ಸೆಪ್ಟೆಂಬರಿನಲ್ಲಿ ಮತ್ತೆ ತೆರೆಯುವಿರೆಂದು ಕೇಳಿದೆ. ಅದಕ್ಕೆ ಮೊದಲೇ ಕೆಲವು ಸಣ್ಣ ವಿನಂತಿಗಳು. ಕಾಲೇಜಿನ ಹುಲ್ಲಿನ ಮೇಲೆ ವರ್ಷವಿಡೀ ಬಿಡಾರ ಹೂಡಿರುವ ಹೆಬ್ಬಾತುಗಳು ಹಾಜರಿಯಲ್ಲಿ ನಮ್ಮೆಲ್ಲರನ್ನೂ ಮೀರಿಸಿದವು. ಕೊರತೆ ಬಿದ್ದಾಗ ಅವುಗಳಲ್ಲಿ ಮೂರನ್ನು ಜರ್ಮನ್‌ಗೆ, ಮೂರನ್ನು ಎಂಜಿನಿಯರಿಂಗ್‌ಗೆ ಸೇರಿಸಿಕೊಳ್ಳಬೇಕು. ವಾರಾವಾರ ಸಭೆ ಸೇರುವ ತಮ್ಮ ನೋಂದಣಿ ಸುಧಾರಣಾ ಸಮಿತಿಯಲ್ಲಿ ಇರುವುದು ನಾಲ್ಕೇ ಜನರಾದ್ದರಿಂದ, ಹತ್ತರ ನಿಯಮದಂತೆ ಅದನ್ನು ಕೂಡಲೇ ರದ್ದು ಮಾಡಿ, ನಾಲ್ವರಿಗೂ ಗಾಲ್ಫ್ ಹೇಳಿಕೊಡಬೇಕು. ಹೇಗೂ ತಾವು ಕಾಲವನ್ನು ಬೇಕಾದಂತೆ ಎತ್ತಿಡುವವರು, ಈ ಬೇಸಿಗೆಯನ್ನೂ ಆ ತರಗತಿಗಳು ಮುಗಿಯುವ ಡಿಸೆಂಬರಿನವರೆಗೆ ಎಳೆದು ಕೊಡಬೇಕು.

ತಮ್ಮ ಆಶೀರ್ವಾದವಿಲ್ಲದೆಯೂ ನಾವು ಓದಿದೆವೆಂದು ತಿಳಿಸಲು ಸಂಕೋಚವಾಗುತ್ತದೆ. ಊರ ಲೈಬ್ರರಿಯ ಹಿಂಬದಿಯ ಮೇಜಿನಲ್ಲಿ ಪ್ರತಿ ಶನಿವಾರ ಕೂತೆವು. ಕೆಲಸ ಹೋದ ಜರ್ಮನ್ ಮೇಡಂ, ಅರ್ಧ ಸಂಬಳದ ಎಂಜಿನಿಯರಿಂಗ್ ಮೇಷ್ಟ್ರು ಇಬ್ಬರೂ ತಾವಾಗಿ ಬಂದು ಕಲಿಸಿದರು. ಪಂಪು, ವಾಲ್ವು, ಸೆನ್ಸರು ಎಲ್ಲವನ್ನೂ ಇಂಗ್ಲಿಷ್, ಜರ್ಮನ್ ಎರಡೂ ಭಾಷೆಯಲ್ಲಿ ಕಲಿತೆ. ಮನೆಯಲ್ಲಿ ಪಾತ್ರೆ ತೊಳೆಯುವಾಗಲೂ ಜೋರಾಗಿ ಹೇಳಿಕೊಳ್ಳುತ್ತಿದ್ದೆ. ಬಹಳ ಖುಷಿಯ ದಿನಗಳವು. ಆದರೆ ಲೈಬ್ರರಿಯ ಮೇಜು ಕಾಗದ ಕೊಡುವುದಿಲ್ಲ.

ಮೇ ಮುಗಿಯಿತು. ಕೆಲಸ ಇಂಡಿಯಾನಾ ರಾಜ್ಯದಿಂದ ಬಂದ ಕೋಡಿ ಎಂಬವನಿಗೆ ಹೋಯಿತು; ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಗಳಿಸಿದ ಎರಡೂ ಕಾಗದ ಅವನ ಬಳಿ ಇದ್ದವು. ಮೂರನೆಯ ದಿನ ಹೊಸ ಯಂತ್ರ ನಿಂತುಹೋಯಿತು. ಅವನು ನನ್ನ ಪ್ರೆಸ್ ಹತ್ತಿರ ಬಂದು, "ಮೇಡಂ, ಪರದೆ ಮೇಲೆ ಜರ್ಮನ್‌ನಲ್ಲಿ ಏನೋ ಬರ್ತಾ ಇದೆ, ನಂಗೊಂದಕ್ಷರ ಅರ್ಥ ಆಗ್ತಿಲ್ಲ. ನಿಮ್ಗೆ ಬರುತ್ತಂತಲ್ಲ, ಸ್ವಲ್ಪ ನೋಡ್ತೀರಾ?" ಎಂದು ಕೇಳಿದ. ಒಳ್ಳೆಯವನು, ಅವನ ಮೇಲೆ ನನಗೆ ಸಿಟ್ಟಿಲ್ಲ. ಓದಿದೆ. ಎಣ್ಣೆಯ ಫಿಲ್ಟರ್ ಕಟ್ಟಿಕೊಂಡಿತ್ತು. ಎಡಗೈಯಲ್ಲೇ ಬಿಚ್ಚಿ, ತೊಳೆದು, ಕೂರಿಸಿದೆ, ಯಂತ್ರ ಓಡಿತು. ರುಪ್ರೆಕ್ಟ್ ಅಲ್ಲೇ ನಿಂತು ನೋಡಿ, ತಮ್ಮ ಕೋಣೆಗೆ ಹೋದರು. ನಾನು ಕೈ ಒರೆಸಿಕೊಂಡು ಪ್ರೆಸ್‌ಗೆ ವಾಪಸು ಬಂದೆ. ನನ್ನ ಭುಜಕ್ಕೆ ಇನ್ನು ಹತ್ತು ವಾರ ಬಾಕಿ ಇದೆ.

ಇಂತು, ತಮ್ಮ ಕಡತದಲ್ಲಿ ಹೆಸರಿಲ್ಲದಿದ್ದರೂ
ತಮ್ಮ ವಿಶ್ವಾಸಿ,
ಲೊರೆಟ್ಟಾ ವೊಯ್ಚಿಕ್

ಮರೆತ ಮಾತು: ‘ತಾವು ನಮ್ಮ ಕಾಲೇಜನ್ನು ಬಿಟ್ಟದ್ದೇಕೆ?’ ಎಂದು ಕೇಳುವ ತಮ್ಮ ಪ್ರಶ್ನಾವಳಿ ನಿನ್ನೆ ತಲುಪಿತು. ಕುಟುಂಬದ ತೊಂದರೆ, ಅನಾರೋಗ್ಯ, ಊರು ಬದಲಾವಣೆ, ಆಸಕ್ತಿಯ ಕೊರತೆ ಎಂಬ ನಾಲ್ಕು ಕಾರಣಗಳನ್ನು ಅಚ್ಚು ಹಾಕಿಸಿ, ಐದನೆಯದಾಗಿ ‘ಇತರೆ’ ಎಂದು ಅರ್ಧ ಇಂಚು ಜಾಗ ಬಿಟ್ಟಿದ್ದೀರಿ. ಅಷ್ಟರಲ್ಲಿ ಹಿಡಿಸುವಂತೆ ಚಿಕ್ಕ ಅಕ್ಷರದಲ್ಲಿ ತಮ್ಮ ಹೆಸರು ಬರೆದು ಕಳಿಸಿದ್ದೇನೆ.