ಮಾವನ ಪಿಕಪ್ಪು, ಅತ್ತೆಯ ಕಲ್ಲು

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಬ್ರೇಕ್ ಸರಿಯಿಲ್ಲದ ಗಾಡಿ ಓಡಿಸುವವರು ಬಹಳ ಮಂದಿ ಇರಬಹುದು. ಆದರೆ ಹೆಂಡತಿಯನ್ನೇ ಬ್ರೇಕ್ ಮಾಡಿಕೊಂಡವರು ನಮ್ಮ ಸೋದರಮಾವ ಒಬ್ಬರೇ!

ತೆರಕಣಾಂಬಿಯಿಂದ ಚಾಮರಾಜನಗರಕ್ಕೆ ಅರಿಶಿನದ ಮೂಟೆ ಸಾಗಿಸುವ ಅವರ ಪಿಕಪ್ಪು ನನ್ನ ಮದುವೆಯ ದಿಬ್ಬಣ ಹೊತ್ತಾಗಲೇ ಹಳೆಯದು. ಅದರ ಬಣ್ಣ ಯಾವುದು ಅಂತೀರಾ? ತುಕ್ಕಿಲ್ಲದ ಕಡೆ ನೀಲಿ, ತುಕ್ಕಿದ್ದ ಕಡೆ ಹಳದಿ. ತುಕ್ಕು ಕಂಡಲ್ಲೆಲ್ಲ ಮಾವ ಅರಿಶಿನವನ್ನು ಹರಳೆಣ್ಣೆಯಲ್ಲಿ ಕಲಸಿ ಮೆತ್ತುತ್ತಿದ್ದರು!

"ಇದೇನ್ ಮಾವ?" ಎಂದರೆ, "ತುಕ್ಕು ಅಂದ್ರೆ ಗಾಡಿಗಾದ ಗಾಯ ಕಣ್ಲಾ. ಗಾಯಕ್ಕೆ ಅರಿಸಿನ ಬುಟ್ಟು ಇನ್ನೇನ್ ಆಕನ?" ಎಂದು ನನ್ನನ್ನೇ ಕೇಳುತ್ತಿದ್ದರು. ಒಮ್ಮೆ ಸಂತೆಯಲ್ಲಿ ಮಳೆ ಬಂದು, ಗಾಡಿಯ ಮರೆಗೆ ನಿಂತಿದ್ದವರ ಬಿಳಿ ಪಂಚೆಗಳೆಲ್ಲ ಮದುಮಗನ ಪಂಚೆಗಳಾದವು.

ಇನ್ನು ಬ್ರೇಕು. ಪೆಡಲನ್ನು ಮೂರು ಸಲ ತುಳಿದರೆ ಗಾಡಿ ನಿಧಾನವಾಗುತ್ತಿತ್ತು, ಅಷ್ಟೇ. ನಿಲ್ಲಿಸುವುದು ಅತ್ತೆಯ ಪಾಲು! ಎಡಗಡೆ ಸೀಟಿನಲ್ಲಿ ಮಡಿಲಲ್ಲೊಂದು ಕಲ್ಲಿಟ್ಟುಕೊಂಡು ಕೂರುತ್ತಿದ್ದರು. ಮಾವ "ಇಳಿಯಮ್ಮಿ!" ಎಂದ ತಕ್ಷಣ ಧುಮುಕಿ ಚಕ್ರಕ್ಕೆ ಒಡ್ಡಬೇಕು. ಗುಂಡ್ಲುಪೇಟೆಯ ಮೆಕ್ಯಾನಿಕ್ ಕೈಮುಗಿದಿದ್ದ.

"ಅಣ್ಣೋ, ಬ್ರೇಕ್ ಪೈಪೆಲ್ಲ ತುಕ್ಕಿಡ್ದು ಓಗದೆ. ಬದ್ಲಾಯಿಸ್ಬುಡನ."

"ಮನೇವ್ಳು ಅವ್ಳೆ, ಬುಡ್ಲಾ!" ಎಂದು ಮಾವ ಎದ್ದು ಬಂದಿದ್ದರು.

ಕಳೆದ ವರ್ಷ ಚಾಮರಾಜನಗರದ ಇಳಿಜಾರೊಂದರಲ್ಲಿ ಅತ್ತೆ ಎಂದಿನಂತೆ ಧುಮುಕಿದರು. ಕಲ್ಲು ಚಕ್ರಕ್ಕೆ ಸರಿಯಾಗಿಯೇ ಬಿತ್ತು. ಅತ್ತೆ ಮಾತ್ರ ಏಳಲಿಲ್ಲ. ಮೊಣಕಾಲಿನ ಮೂಳೆ ಮುರಿದಿತ್ತು. ಆ ನೋವಿನಲ್ಲೂ ಅವರು ಕೇಳಿದ್ದು, "ಗಾಡಿ ನಿಂತ್ಕತಾ?"

ಮರುವಾರವೇ ಮಾವ ಮೆಕ್ಯಾನಿಕ್ಕನ ಮುಂದೆ ಹೋಗಿ ಕೂತರು. ಅರಿಶಿನ ಕೆರೆದು ತೆಗೆದು, ಉಪ್ಪುಕಾಗದ ಹಿಡಿದು ತಾವೇ ತುಕ್ಕು ಉಜ್ಜಿದರು. ಪೈಪು, ಲೈನರು, ಎಲ್ಲ ಹೊಸದು. "ಇನ್ನೊಸಿ ಬಿಗಿ ಮಾಡ್ಲಾ" ಎಂದು ಅವನ ಪ್ರಾಣ ತಿಂದರು. ಆದರೆ ಅತ್ತೆ ಮತ್ತೆ ಆ ಗಾಡಿ ಹತ್ತುತ್ತಾರೆಯೇ? ಕೇಳುವ ಧೈರ್ಯ ಮಾವನಿಗಿರಲಿಲ್ಲ.

ಮೊನ್ನೆ ಅತ್ತೆ ತಾವಾಗಿಯೇ ಬಂದು ಹತ್ತಿ ಕೂತರು. ನಾನು ಹಿಂದೆ ಮೂಟೆಗಳ ಮೇಲಿದ್ದೆ. ಅದೇ ಇಳಿಜಾರಿನಲ್ಲಿ ಮಾವ ಒಂದೇ ಸಲ ಪೆಡಲ್ ತುಳಿದರು. ಗಾಡಿ ಗಕ್ಕನೆ ನಿಂತಿತು; ನಾನು ಮುಗ್ಗರಿಸಿ ಬಿದ್ದೆ! ಮಾವ ಇಳಿದು, ಸೀಟಿನಡಿಯಿಂದ ಆ ಹಳೆಯ ಕಲ್ಲನ್ನೇ ತೆಗೆದು ಚಕ್ರಕ್ಕೆ ಒಡ್ಡಿ, ಸುತ್ತಿ ಬಂದು ಅತ್ತೆಗೆ ಕೈ ಕೊಟ್ಟರು.

"ಬ್ರೇಕ್ ಇಷ್ಟು ಗಟ್ಟಿಯಾಗಿದೆಯಲ್ಲ ಮಾವ, ಇನ್ನೂ ಕಲ್ಲು ಯಾಕೆ?"

ಮಾವ ನನ್ನ ಕಡೆ ತಿರುಗಲಿಲ್ಲ.

"ಅವ್ಳು ಇಳಿಯೋಗಂಟ ಒಂದ್ ಎಳ್ಳಷ್ಟೂ ಅಲ್ಲಾಡ್ಬಾರ್ದು ಕಣ್ಲಾ."